ಚುಕ್ಕೆ, ಧೂಳು, ಲೋಳೆ, ಹುಳು: ಸಮುದ್ರಮೀನಿನ ಕ್ವಾರಂಟೈನ್ ಲೆಕ್ಕ

ಅಂಗಡಿಯಿಂದ ತಂದ ಟ್ಯಾಂಗ್ ಮೀನಿನ ಮೈಮೇಲೆ ಮಂಗಳವಾರ ಏಳೆಂಟು ಬಿಳಿ ಚುಕ್ಕೆ. ಶುಕ್ರವಾರ ನೋಡಿದರೆ ಒಂದೂ ಇಲ್ಲ. ಮೀನು ಚುರುಕಾಗಿದೆ, ಹಾಕಿದ ಮೇವು ಮುಗಿಸುತ್ತಿದೆ. ಸರಿಹೋಯಿತು ಎಂದುಕೊಂಡು ದೊಡ್ಡ ಟ್ಯಾಂಕಿಗೆ ಬಿಟ್ಟರೆ, ಎರಡು ಮೂರು ವಾರದಲ್ಲಿ ಅಲ್ಲಿದ್ದ ಮೀನುಗಳಿಗೆಲ್ಲ ಚುಕ್ಕೆ. ಸಮುದ್ರಮೀನು ಸಾಕುವ ಈ ಹವ್ಯಾಸದಲ್ಲಿ ಬಹಳಷ್ಟು ಮೀನು ಸಾಯುವುದು ಈ ಒಂದು ತಪ್ಪು ಲೆಕ್ಕದಿಂದ. ಚುಕ್ಕೆ ಹೋದದ್ದು ಮೀನು ಗುಣವಾಗಿ ಅಲ್ಲ, ರೋಗಾಣು ಗುಣಿಸಿಕೊಳ್ಳಲು.

ಬಿಳಿ ಚುಕ್ಕೆಯ ಜೀವಿಯ ಹೆಸರು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್. ನಮಗೆ ಕಾಣುವ ಚುಕ್ಕೆ ಎಂದರೆ ಚರ್ಮದ ಮೇಲ್ಪದರದೊಳಗೆ ಹೊಕ್ಕು ಮೀನನ್ನು ಮೇಯುತ್ತಿರುವ ಏಕಕೋಶಜೀವಿ. 3ರಿಂದ 7 ದಿನ ಮೇದು, ಹೆಚ್ಚಾಗಿ ಕತ್ತಲಿರುವಾಗ, ತಾನಾಗಿ ಕಳಚಿಕೊಂಡು ತಳಕ್ಕೆ ಇಳಿಯುತ್ತದೆ. ಕೆಲವು ಗಂಟೆ ತೆವಳಿ ಗಾಜಿಗೋ ಕಲ್ಲಿಗೋ ಪೈಪಿಗೋ ಅಂಟಿಕೊಂಡು ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಸುಮಾರು 200ರವರೆಗೂ ಮರಿಗಳಾಗುತ್ತವೆ. ಕವಚ ಬಿರಿಯಲು ಸಾಮಾನ್ಯವಾಗಿ 3ರಿಂದ 28 ದಿನ. 72 ದಿನ ಹಿಡಿದ ದಾಖಲೆಯೂ ಇದೆ. ಹೊರಬಿದ್ದ ಮರಿ ಒಂದೆರಡು ದಿನದೊಳಗೆ ಮೀನು ಹಿಡಿಯದಿದ್ದರೆ ಸಾಯುತ್ತದೆ.

ಔಷಧಿಗೆ ಸಿಗುವುದು ಈಜಾಡುವ ಆ ಮರಿ ಮಾತ್ರ. ಚರ್ಮದೊಳಗಿರುವುದಕ್ಕೆ ತಾಮ್ರ ತಾಗುವುದಿಲ್ಲ, ಕವಚದೊಳಗಿರುವುದಕ್ಕೂ ತಾಗುವುದಿಲ್ಲ. ಹಾಗಾಗಿ ಚಿಕಿತ್ಸೆಯ ದಿನಗಳನ್ನು ಎಣಿಸಬೇಕಾದದ್ದು ಚುಕ್ಕೆ ನೋಡಿಕೊಂಡಲ್ಲ, ಆ ಜೀವಿಯ ಪಂಚಾಂಗ ನೋಡಿಕೊಂಡು. ಬೇರೆ ಬೇರೆ ಜೀವಿಗೆ ಪಂಚಾಂಗವೂ ಬೇರೆ, ಮದ್ದೂ ಬೇರೆ. ಮೊದಲು ಯಾವುದೆಂದು ಗುರುತಿಸಿ, ಆಮೇಲೆ ಬಾಟಲಿಯ ಮುಚ್ಚಳ ತೆಗೆಯಿರಿ.

ಟ್ಯಾಂಕ್ ಹೇಗಿರಬೇಕು

ಹೊಸ ಮೀನನ್ನು ದೊಡ್ಡ ಟ್ಯಾಂಕಿಗೆ ಬಿಡುವ ಮೊದಲು ಪ್ರತ್ಯೇಕವಾಗಿಡುವ ಕ್ವಾರಂಟೈನ್ ಟ್ಯಾಂಕು ನೋಡಲು ಚೆಂದ ಇರಬೇಕಿಲ್ಲ. ಎರಡಡಿ ಉದ್ದ, ಒಂದಡಿ ಅಗಲದ ಗಾಜಿನ ತೊಟ್ಟಿ ಸಾಕು. ಏಳೆಂಟು ಸೆಂಟಿಮೀಟರಿಗಿಂತ ದೊಡ್ಡ ಟ್ಯಾಂಗ್ ಆದರೆ ಇನ್ನೂ ದೊಡ್ಡದು ಬೇಕು. ಮರಳು ಬೇಡ, ಹವಳದ ಚೂರು ಬೇಡ, ಲೈವ್ ರಾಕ್ (ಜೀವಿಗಳು ನೆಲೆಸಿದ ಸಮುದ್ರದ ಕಲ್ಲು) ಖಂಡಿತ ಬೇಡ. ಅಡಗಲು ಪ್ಲಂಬಿಂಗ್ ಅಂಗಡಿಯ ಎರಡಿಂಚು ಪಿವಿಸಿ ಎಲ್ಬೋ ಮೂರು ನಾಲ್ಕು. ಒಂದು ಸ್ಪಂಜ್ ಫಿಲ್ಟರ್, ಒಂದು ಹೀಟರ್, ಮುಚ್ಚಳ. ಹೊಸ ಮೀನು ಹಾರುತ್ತದೆ, ಮುಚ್ಚಳವಿಲ್ಲದೆ ಒಂದು ರಾತ್ರಿಯೂ ಬಿಡಬೇಡಿ. ಕರೆಂಟು ಹೋದಾಗ ತಾನಾಗಿ ಶುರುವಾಗುವ ಬ್ಯಾಟರಿ ಏರ್ ಪಂಪ್ ಇದ್ದರೆ ಒಳ್ಳೆಯದು. ಕಿವಿರು ಹಾಳಾದ ಮೀನು ಒಂದು ಗಂಟೆ ಗಾಳಿಯಿಲ್ಲದೆ ತಡೆಯುವುದು ಕಷ್ಟ.

ಸ್ಪಂಜಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಸಿಕೊಳ್ಳಲು ಅದನ್ನು ಮೀನು ತರುವ ಮೂರು ನಾಲ್ಕು ವಾರ ಮೊದಲೇ ದೊಡ್ಡ ಟ್ಯಾಂಕಿನ ಸಂಪಿನಲ್ಲಿ (ನೀರು ಸೋಸುವ ಜೋಡಿ ತೊಟ್ಟಿಯಲ್ಲಿ) ಹಾಕಿಡಿ. ಒಮ್ಮೆ ಕ್ವಾರಂಟೈನಿಗೆ ಹೋದ ಸ್ಪಂಜ್ ಮತ್ತೆ ಸಂಪಿಗೆ ಬರಕೂಡದು. ಅಮೋನಿಯಾ ಪರೀಕ್ಷೆ ದಿನಕ್ಕೊಮ್ಮೆ; ಲೀಟರಿಗೆ 0.25 ಮಿ.ಗ್ರಾಂ ದಾಟಿದರೆ ನೀರು ಬದಲಿಸಿ. ಕ್ವಾರಂಟೈನಿನಲ್ಲಿ ಸತ್ತ ಮೀನಿಗೆಲ್ಲ ರೋಗವೇ ಕಾರಣವಲ್ಲ, ಅರ್ಧದಷ್ಟಕ್ಕೆ ಅಮೋನಿಯಾ ಕಾರಣ ಎಂದರೂ ನಂಬುವಂತಿದೆ.

ಟ್ಯಾಂಕಿನ ನಿಜವಾದ ಲೀಟರ್ ಲೆಕ್ಕ ತಿಳಿಯದೆ ಔಷಧಿಗೆ ಕೈ ಹಾಕಬೇಡಿ. 24 × 12 × 15 ಇಂಚಿನ ತೊಟ್ಟಿಯನ್ನು 70 ಲೀಟರ್ ಎಂದು ಮಾರುತ್ತಾರೆ. ಗಾಜಿನ ದಪ್ಪ ಕಳೆದು, 13 ಇಂಚಿನವರೆಗೆ ನೀರು ತುಂಬಿದರೆ ಸಿಗುವುದು 58 ಲೀಟರ್ ಅಷ್ಟೇ. 70ಕ್ಕೆ ಲೆಕ್ಕ ಹಾಕಿ ಸುರಿದ ತಾಮ್ರ 20 ಶೇಕಡಾ ಹೆಚ್ಚಾಯಿತು. ಅಳತೆ ಮಾಡಿದ ಬಕೆಟ್ಟಿನಲ್ಲಿ ಸುರಿದು, 60 ಲೀಟರ್ ಬಂದ ಜಾಗದಲ್ಲಿ ಹೊರಗಿನಿಂದ ಮಾರ್ಕರಿನಲ್ಲಿ ಗೆರೆ ಎಳೆದರೆ ಮುಂದಿನ ಲೆಕ್ಕವೆಲ್ಲ ಸಲೀಸು. ಕೆಳಗೆ ಎಲ್ಲ ಕಡೆ 60 ಲೀಟರ್ ಎಂದೇ ಹೇಳಿದ್ದೇನೆ.

ಕ್ವಾರಂಟೈನ್ ಟ್ಯಾಂಕು ದೊಡ್ಡ ಟ್ಯಾಂಕಿನಿಂದ ಕನಿಷ್ಠ 3 ಮೀಟರ್ ದೂರ ಇರಲಿ, ಆದರೆ ಬೇರೆ ಕೋಣೆಯೇ ಮೇಲು. ಏರ್ ಸ್ಟೋನಿನ ಗುಳ್ಳೆ ಒಡೆದಾಗ ಚಿಮ್ಮುವ ಹನಿಯಲ್ಲೇ ವೆಲ್ವೆಟ್ ಎಂಬ ಇನ್ನೊಂದು ರೋಗದ (ಗುರುತು ಮುಂದೆ ಇದೆ) ಮರಿಗಳು ಪಯಣ ಮಾಡಬಲ್ಲವು. ಬಲೆ, ಲೋಟ, ಸೈಫನ್ ಪೈಪು ಎಲ್ಲ ಬೇರೆ ಬೇರೆ. ಪ್ರತಿದಿನ ದೊಡ್ಡ ಟ್ಯಾಂಕಿನ ಕೆಲಸ ಮುಗಿಸಿಕೊಂಡು ಆಮೇಲೆ ಕ್ವಾರಂಟೈನಿಗೆ ಕೈ ಹಾಕಿ, ಹಿಂದುಮುಂದಾಗಬಾರದು.

ಮೊದಲು ಉಸಿರು ಎಣಿಸಿ

ಹೊಸಬರು ಮೈ ನೋಡುತ್ತಾರೆ, ಪಳಗಿದವರು ಕಿವಿರು ನೋಡುತ್ತಾರೆ. ಮೀನು ಸುಮ್ಮನೆ ನಿಂತಾಗ 15 ಸೆಕೆಂಡಿನಲ್ಲಿ ಕಿವಿರಿನ ಮುಚ್ಚಳ ಎಷ್ಟು ಸಲ ಬಡಿಯಿತೆಂದು ಎಣಿಸಿ ನಾಲ್ಕರಿಂದ ಗುಣಿಸಿ. ದಿನವೂ ಒಂದೇ ಹೊತ್ತಿಗೆ ಎಣಿಸಿ ಬರೆದಿಡಿ. ಜಾತಿಯಿಂದ ಜಾತಿಗೆ ಸಂಖ್ಯೆ ಬೇರೆಯಾಗುವುದರಿಂದ ಅದೇ ಮೀನಿನ ನಿನ್ನೆಯ ಸಂಖ್ಯೆಯೇ ಅಳತೆಗೋಲು. ನಿಮಿಷಕ್ಕೆ 120 ದಾಟಿದ್ದು ಇಳಿಯದೆ ಇದ್ದರೆ ಮೊದಲು ಅಮೋನಿಯಾ ಪರೀಕ್ಷಿಸಿ. ನೀರು ಸರಿಯಿದ್ದರೆ ಕಿವಿರಿನಲ್ಲಿ ಏನೋ ಕೂತಿದೆ ಎಂದೇ ಲೆಕ್ಕ. ಒಂದು ಕಡೆಯ ಕಿವಿರು ಮುಚ್ಚಿಕೊಂಡು ಇನ್ನೊಂದು ಕಡೆಯಿಂದ ಮಾತ್ರ ಉಸಿರಾಡುತ್ತಿದ್ದರೆ ಚಪ್ಪಟೆಹುಳುವಿನ ಮೇಲೆ ಅನುಮಾನ ಪಡಿ.

ಆಮೇಲೆ ಮೈ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಎದುರಿನ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ.

ಕಲ್ಲುಪ್ಪಲ್ಲ, ಪುಡಿಯುಪ್ಪಿನ ಕಾಳುಗಳನ್ನು ಮೈಮೇಲೆ ಉದುರಿಸಿದಂತಿದ್ದರೆ, ಒಂದೊಂದನ್ನೂ ಎಣಿಸಲು ಬರುವಂತಿದ್ದರೆ, ಅದು ಬಿಳಿ ಚುಕ್ಕೆ. ರೆಕ್ಕೆಯ ಪಾರದರ್ಶಕ ಭಾಗದಲ್ಲಿ ಮೊದಲು ಕಾಣುತ್ತದೆ. ಎಣಿಸಲಾಗದಷ್ಟು ನುಣ್ಣಗೆ, ಗೋಧಿಹಿಟ್ಟು ಜರಡಿ ಹಿಡಿದಂತೆ, ಓರೆ ಬೆಳಕಿನಲ್ಲಿ ಚಿನ್ನದ ಬಣ್ಣದ ಧೂಳಿನಂತೆ ಕಂಡರೆ ವೆಲ್ವೆಟ್. ಅದರ ಜೀವಿಯ ಹೆಸರು ಅಮೈಲೂಡಿನಿಯಂ ಒಸೆಲೇಟಂ. ಆದರೆ ಧೂಳು ಕಾಣುವವರೆಗೆ ಕಾದರೆ ಕಾದವರು ಕೆಟ್ಟರು. ಈ ರೋಗ ಮೊದಲು ಕೂರುವುದು ಕಿವಿರಿನಲ್ಲಿ. ಮೈಮೇಲೆ ಏನೂ ಕಾಣದೆಯೇ ಮೀನು ಸಾಯುವುದುಂಟು. ನಿನ್ನೆ ತಿನ್ನುತ್ತಿದ್ದ ಮೀನು ಇಂದು ಮೇವು ಬಿಟ್ಟಿದೆ, ಬೆಳಕಿಗೆ ಬೆನ್ನು ಹಾಕುತ್ತಿದೆ, ನೀರು ತಳ್ಳುವ ಪಂಪ್ ಆದ ಪವರ್‌ಹೆಡ್ಡಿನ ರಭಸಕ್ಕೆ ಮುಖ ಒಡ್ಡಿ ನಿಂತಿದೆ, ಉಸಿರು ಏರಿದೆ. ಈ ನಾಲ್ಕೂ ಒಟ್ಟಿಗೆ ಕಂಡರೆ ವೆಲ್ವೆಟ್ ಎಂದೇ ತಿಳಿದು ಆ ರಾತ್ರಿಯೇ ಚಿಕಿತ್ಸೆ ಶುರು ಮಾಡಿ. ಬಿಳಿ ಚುಕ್ಕೆ ವಾರಗಟ್ಟಲೆ ಸಮಯ ಕೊಡುತ್ತದೆ, ವೆಲ್ವೆಟ್ ಎರಡು ಮೂರು ದಿನವಷ್ಟೇ ಕೊಡುತ್ತದೆ.

ಕ್ಲೌನ್ ಮೀನಿನ ಚರ್ಮ ಮಸುಕಾಗಿ, ಲೋಳೆ ಹಾಳೆಹಾಳೆಯಾಗಿ ಕಿತ್ತು ಬಾಲದ ಹಿಂದೆ ತೇಲುತ್ತಿದ್ದರೆ ಬ್ರೂಕ್ಲಿನೆಲ್ಲಾ. ಹಸಿರು ಕ್ರೋಮಿಸ್ ಅಥವಾ ಆಂಥಿಯಸ್ ಮೈಯಲ್ಲಿ ಕೆಂಪು ಗಾಯ, ಹುರುಪೆ ಎದ್ದ ಜಾಗದ ಕೆಳಗೆ ಹುಣ್ಣು ಕಂಡರೆ ಯುರೋನೀಮಾ. ಏಂಜೆಲ್ ಮತ್ತು ಬಟರ್‌ಫ್ಲೈ ಮೀನುಗಳ ಕಣ್ಣು ಮಂಜಾಗಿ, ಮೈಯನ್ನು ಪೈಪಿಗೆ ಉಜ್ಜಿಕೊಳ್ಳುತ್ತಿದ್ದರೆ ನಿಯೋಬೆನಿಡೆನಿಯಾ ಎಂಬ ಚಪ್ಪಟೆಹುಳು. ಹಳದಿ ಟ್ಯಾಂಗಿನ ಮೇಲೆ ಕರಿಮೆಣಸಿನ ಪುಡಿಯಂಥ ಕಪ್ಪು ಚುಕ್ಕೆ ಇನ್ನೊಂದು ಬಗೆಯ ಹುಳು, ಅದರಿಂದ ಪ್ರಾಣಾಪಾಯ ಕಡಿಮೆ. ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂತೆ ಗಂಟುಗಂಟಾಗಿ ಬೆಳೆದದ್ದು ಪರಾವಲಂಬಿಯೇ ಅಲ್ಲ, ಲಿಂಫೋಸಿಸ್ಟಿಸ್ ಎಂಬ ವೈರಸ್. ಅದಕ್ಕೆ ತಾಮ್ರ ಹಾಕಿ ಮೀನನ್ನು ಸೊರಗಿಸುವುದು ವ್ಯರ್ಥ. ಒಳ್ಳೆಯ ಮೇವು, ಒಳ್ಳೆಯ ನೀರು ಕೊಟ್ಟರೆ ತಾನಾಗಿ ಇಳಿಯುತ್ತದೆ.

ಶಾಲಾ ಪ್ರಯೋಗಾಲಯದ ಮಟ್ಟದ ಸೂಕ್ಷ್ಮದರ್ಶಕ ಇದ್ದರೆ ಊಹೆಯ ಕೆಲಸ ತಪ್ಪುತ್ತದೆ. ಒದ್ದೆ ಕೈಯಲ್ಲಿ ಮೀನನ್ನು ಹಿಡಿದು, ಕವರ್ ಸ್ಲಿಪ್ ಎಂಬ ತೆಳು ಗಾಜಿನ ಅಂಚಿನಿಂದ ತಲೆಯಿಂದ ಬಾಲದ ಕಡೆಗೆ ಹಗುರಾಗಿ ಒಂದು ಸಲ ಸವರಿ, ಬಂದ ಲೋಳೆಗೆ ಅದೇ ಟ್ಯಾಂಕಿನ ನೀರಿನ ಒಂದು ಹನಿ ಸೇರಿಸಿ 100 ಪಟ್ಟಿನಲ್ಲಿ ನೋಡಿ. ಸಿಹಿನೀರಿನ ಹನಿ ಹಾಕಿದರೆ ನೋಡಬೇಕಾದದ್ದು ಸಿಡಿದು ಹೋಗುತ್ತದೆ. ದಟ್ಟವಾಗಿ, ದುಂಡಗೆ, ನಿಧಾನವಾಗಿ ಉರುಳುತ್ತಿರುವುದು ಕ್ರಿಪ್ಟೋಕ್ಯಾರಿಯಾನ್. ಕಂದುಬಣ್ಣದ, ಅಲ್ಲಾಡದ, ಸೀಬೆಹಣ್ಣಿನಂತೆ ಒಂದು ತುದಿ ಚೂಪಾಗಿ ಅಂಟಿಕೊಂಡಿರುವುದು ಅಮೈಲೂಡಿನಿಯಂ. ಅವರೆಕಾಳಿನ ಆಕಾರದಲ್ಲಿ ಜಾರುತ್ತ ಹೋಗುವುದು ಬ್ರೂಕ್ಲಿನೆಲ್ಲಾ. ಅದಕ್ಕಿಂತ ಚಿಕ್ಕದು, ಹನಿಯಾಕಾರದ್ದು, ಕಣ್ಣಿಗೆ ನಿಲ್ಲದಷ್ಟು ಓಡಾಡುವುದು ಯುರೋನೀಮಾ. ಸತ್ತ ಮೀನಿನಿಂದಲೂ ಮಾದರಿ ತೆಗೆಯಬಹುದು, ಸತ್ತ ಹದಿನೈದು ನಿಮಿಷದೊಳಗೆ ಆದರೆ ಒಳ್ಳೆಯದು. ಕಿವಿರಿನ ಒಂದು ಎಳೆ ಕತ್ತರಿಸಿ ನೋಡಿ. ಉಳಿದ ಮೀನುಗಳಿಗೆ ಏನು ಮಾಡಬೇಕೆಂದು ಅದೇ ಹೇಳುತ್ತದೆ.

ತಾಮ್ರ

ಬಿಳಿ ಚುಕ್ಕೆಗೂ ವೆಲ್ವೆಟ್‌ಗೂ ತಾಮ್ರವೇ ಹಳೆಯ, ನಂಬಿಕೆಯ ಮದ್ದು. ಅಡಿಕೆಗೆ ಕೊಳೆರೋಗ ಬಾರದಂತೆ ಮಲೆನಾಡಿನಲ್ಲಿ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತವೇ ಇಲ್ಲಿಯೂ ಬೇಕಾದದ್ದು. ಆದರೆ ಗೊಬ್ಬರದಂಗಡಿಯ ಮೈಲುತುತ್ತ ಬೇಡ, ಕಲಬೆರಕೆ ಏನಿದೆಯೋ ಹೇಳಲು ಬರದು. ಪ್ರಯೋಗಾಲಯ ದರ್ಜೆಯ, ಐದು ನೀರಿನಣು ಇರುವ ಕಾಪರ್ ಸಲ್ಫೇಟ್ ಕೇಳಿ ಪಡೆಯಿರಿ.

ಅದರ ತೂಕದಲ್ಲಿ ತಾಮ್ರ ಕಾಲುಭಾಗ, ಇನ್ನೂ ನಿಖರವಾಗಿ 25.5 ಶೇಕಡಾ. ಹಾಗಾಗಿ 3.93 ಗ್ರಾಂ ಹರಳನ್ನು ಒಂದು ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದರೆ ಪ್ರತಿ ಮಿ.ಲೀ.ಯಲ್ಲಿ 1 ಮಿ.ಗ್ರಾಂ ತಾಮ್ರ ಇರುತ್ತದೆ. ಅಕ್ಕಸಾಲಿಗರ ಬಳಿ ಇರುವಂಥ 0.01 ಗ್ರಾಂ ತೂಗುವ ಪುಟ್ಟ ತಕ್ಕಡಿ ಸಾಕು. ಬಾಟಲಿಯ ಮೇಲೆ ವಿಷ ಎಂದು ಬರೆದು, ಮಕ್ಕಳಿಗೆ ಎಟುಕದ ಕಡೆ ಇಡಿ. ತಿಳಿನೀಲಿ ನೀರು, ಮಕ್ಕಳ ಕಣ್ಣು ಬೀಳುವಂಥದ್ದೇ.

ಈ ಬಗೆಯ ಬಿಡಿ ತಾಮ್ರ ಲೀಟರಿಗೆ 0.15ರಿಂದ 0.20 ಮಿ.ಗ್ರಾಂ ಇರಬೇಕು. ಕೆಳಗಾದರೆ ರೋಗಾಣು ಬದುಕುತ್ತದೆ, ಸ್ವಲ್ಪ ಮೇಲಾದರೆ ಮೀನು ಸಾಯುತ್ತದೆ. ನಡುವಿನ ದಾರಿ ಬಹಳ ಕಿರಿದು. 60 ಲೀಟರಿಗೆ 3 ಮಿ.ಲೀ. ದ್ರಾವಣ ಹಾಕಿದರೆ 0.05 ಏರುತ್ತದೆ. ಮೊದಲ ದಿನ ಬೆಳಿಗ್ಗೆ 3, ಸಂಜೆ 3. ಎರಡನೇ ದಿನ ಬೆಳಿಗ್ಗೆ ಪರೀಕ್ಷಿಸಿ ಮತ್ತೆ 3, ಸಂಜೆ ಪರೀಕ್ಷೆಯಲ್ಲಿ ಬಂದ ಅಂಕಿ ನೋಡಿಕೊಂಡು ಉಳಿದದ್ದು. ಮಿ.ಲೀ. ಲೆಕ್ಕ ಬರೀ ದಿಕ್ಸೂಚಿ, ತೀರ್ಪು ಪರೀಕ್ಷೆಯದು. ಬಿಡಿ ತಾಮ್ರ ಉಪ್ಪುನೀರಿನಲ್ಲಿ ನಿಲ್ಲುವುದಿಲ್ಲ, ಕಾರ್ಬೊನೇಟ್ ಆಗಿ ತಳಕ್ಕಿಳಿಯುತ್ತ ಹೋಗುತ್ತದೆ. ದಿನಕ್ಕೆರಡು ಸಲ ಅಳೆದು ಕೊರತೆ ತುಂಬಬೇಕು. ಬೋರ್ಡೋದಲ್ಲಿ ಸುಣ್ಣ ತಾಮ್ರವನ್ನು ಹಿಡಿದಿಡುವುದನ್ನು ಕಂಡವರಿಗೆ, ಟ್ಯಾಂಕಿನಲ್ಲಿ ಹವಳದ ಚೂರು ಯಾಕೆ ಬೇಡ ಎಂದು ಬಿಡಿಸಿ ಹೇಳಬೇಕಿಲ್ಲ.

ದಿನಕ್ಕೆರಡು ಸಲ ಅಳೆಯುವ ವ್ಯವಧಾನ ಇಲ್ಲದವರಿಗೆ ಕೀಲೇಟೆಡ್ ತಾಮ್ರವೇ ವಾಸಿ. ಕಾಪರ್ ಪವರ್‌ನಂಥ ಬಾಟಲಿಯ ಔಷಧಿ ಅದು. ತಾಮ್ರ ಬೇರೊಂದು ಅಣುವಿನ ಕೈಯಲ್ಲಿ ಸಿಕ್ಕಿಕೊಂಡಿರುವುದರಿಂದ ವಾರಗಟ್ಟಲೆ ನೀರಲ್ಲೇ ಉಳಿಯುತ್ತದೆ, ಮೀನಿಗೂ ಹಗುರ. ಅದರ ಮಟ್ಟ 2.0ರಿಂದ 2.5. ಕ್ಯುಪ್ರಮೀನ್ ಇನ್ನೊಂದು ಬಗೆ, ಅದರ ಮಟ್ಟ 0.5. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಿದರೆ ಮುಗಿಯಿತು: ಮೈಲುತುತ್ತವನ್ನು 2.0ಕ್ಕೆ ಏರಿಸಿದರೆ ಬೆಳಗಾಗುವುದರೊಳಗೆ ಟ್ಯಾಂಕು ಖಾಲಿ, ಕೀಲೇಟೆಡ್ ತಾಮ್ರವನ್ನು 0.2ರಲ್ಲಿ ನಿಲ್ಲಿಸಿದರೆ ರೋಗಾಣುವಿಗೆ ಬಿಸಿಯೂ ತಟ್ಟದು.

ಬಣ್ಣ ಹೋಲಿಸುವ ಕಿಟ್‌ನಲ್ಲಿ 0.15ಕ್ಕೂ 0.25ಕ್ಕೂ ವ್ಯತ್ಯಾಸ ಹೇಳುವುದು ಕಣ್ಣಿಗೆ ಕಷ್ಟ. ಡಿಜಿಟಲ್ ಮೀಟರಿಗೆ ಹಣ ಹಾಕುವುದು ಇಲ್ಲಿ ದುಂದಲ್ಲ. ಹ್ಯಾನಾ ಕಂಪನಿಯ ಎರಡು ಮಾದರಿಗಳಲ್ಲಿ 5 ಪಿಪಿಎಂವರೆಗೆ (ಅಂದರೆ ಲೀಟರಿಗೆ 5 ಮಿ.ಗ್ರಾಂವರೆಗೆ) ತೋರಿಸುವ ಎಚ್‌ಐ702 ಕೀಲೇಟೆಡ್ ತಾಮ್ರಕ್ಕೆ ಸರಿ. ಅದು 0.05ರಷ್ಟು ಆಚೀಚೆ ತೋರಿಸಬಹುದು, ಬಿಡಿ ತಾಮ್ರದ ಕಿರಿದಾದ ದಾರಿಗೆ ಅಷ್ಟು ತಪ್ಪೇ ಹೆಚ್ಚು. ಅಲ್ಲಿಗೆ ಪಿಪಿಬಿಯಲ್ಲಿ (ಪಿಪಿಎಂನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ) ಅಳೆಯುವ ಎಚ್‌ಐ747 ಬೇಕು.

ಮಟ್ಟ ಮುಟ್ಟಿದ ದಿನವೇ ಒಂದನೇ ದಿನ. ಅಲ್ಲಿಂದ 30 ದಿನ ಒಮ್ಮೆಯೂ ಕೆಳಗಿಳಿಯದಂತೆ ನಿಲ್ಲಿಸಿ. ಹನ್ನೆರಡನೇ ದಿನ ಒಂದು ರಾತ್ರಿ 0.10ಕ್ಕೆ ಬಿದ್ದಿತ್ತೆಂದರೆ ಎಣಿಕೆ ಮತ್ತೆ ಒಂದರಿಂದ. ನೀರು ಬದಲಿಸುವಾಗ ಹೊಸ ನೀರಿಗೂ ಮೊದಲೇ ಅಷ್ಟೇ ತಾಮ್ರ ಬೆರೆಸಿಡಿ. ನೀರು ಸೋಸುವ ಕಾರ್ಬನ್ ತೆಗೆದಿಡಿ, ಯುವಿ ದೀಪ ಆರಿಸಿ. ಯುವಿ ಕೀಲೇಟ್ ಬಂಧ ಮುರಿದು ತಾಮ್ರವನ್ನು ಒಮ್ಮೆಲೇ ಬಿಡುಗಡೆ ಮಾಡಬಹುದು. ಅಮೋನಿಯಾ ಇಳಿಸುವ ಕಂಡೀಷನರ್ ದ್ರವಗಳನ್ನು ತಾಮ್ರದ ಜೊತೆ ಹಾಕಲೇಬೇಡಿ. ಅವು ತಾಮ್ರದ ರೂಪ ಬದಲಿಸಿ ಹಲವು ಪಟ್ಟು ವಿಷ ಮಾಡುತ್ತವೆ. ಅಮೋನಿಯಾ ಏರಿತೆಂದು ಗಾಬರಿಯಲ್ಲಿ ಒಂದು ಮುಚ್ಚಳ ಸುರಿದು, ಬೆಳಗಾಗುವಾಗ ಎಲ್ಲ ಮೀನು ಕಳೆದುಕೊಳ್ಳುವುದು ತೀರ ಅಪರೂಪದ ಘಟನೆಯಲ್ಲ. ಆಗ ಮಾಡಬೇಕಾದದ್ದು ನೀರು ಬದಲಾವಣೆ ಒಂದೇ.

ಕುಳ್ಳ ಏಂಜೆಲ್ ಮೀನುಗಳು ತಾಮ್ರಕ್ಕೆ ಸೊರಗುತ್ತವೆ. ಅವಕ್ಕೆ ಮಟ್ಟ ಏರಿಸಲು ಎರಡರ ಬದಲು ನಾಲ್ಕೈದು ದಿನ ತೆಗೆದುಕೊಳ್ಳಿ. ಶಾರ್ಕ್, ತೊರಕೆ (ರೇ) ಜಾತಿಗಳಿಗೆ ಕೊಡಲೇಬಾರದು. ಸಿಗಡಿ, ಬಸವನಹುಳು, ಹವಳಗಳಿಗೆ ತಾಮ್ರ ಸೋಂಕಿದರೂ ಸಾವು. ವೆಲ್ವೆಟ್ ಅನುಮಾನ ಇಲ್ಲದಿದ್ದರೆ ಹೊಸ ಮೀನು ಎರಡು ಮೂರು ದಿನ ಚೆನ್ನಾಗಿ ತಿಂದ ಮೇಲೆ ಶುರು ಮಾಡಿ. ತಾಮ್ರ ಹಸಿವನ್ನು ಕೊಲ್ಲುತ್ತದೆ, ಮೊದಲೇ ಉಪವಾಸವಿದ್ದ ಮೀನು ಅಲ್ಲಿಂದ ಏಳುವುದಿಲ್ಲ.

ವೆಲ್ವೆಟ್ ಆದರೆ ತಾಮ್ರ ಏರುವವರೆಗಿನ ಎರಡು ದಿನವೂ ದುಬಾರಿ. ಕಿವಿರಿನಲ್ಲಿ ಕೂತದ್ದನ್ನು ಉದುರಿಸಲು ಹೈಡ್ರೋಜನ್ ಪೆರಾಕ್ಸೈಡ್ ಸ್ನಾನ ಮಾಡಿಸಬಹುದು. ಟ್ಯಾಂಕಿನಲ್ಲಲ್ಲ, ಬಕೆಟ್ಟಿನಲ್ಲಿ. ಲೀಟರಿಗೆ 75 ಮಿ.ಗ್ರಾಂ, 30 ನಿಮಿಷ, ಗಾಳಿ ಬಿಟ್ಟುಕೊಂಡು. ನಮ್ಮ ಔಷಧಿ ಅಂಗಡಿಯಲ್ಲಿ ಸಿಗುವುದು 6 ಶೇಕಡಾದ್ದು. ವಿದೇಶದವರು ಬರೆಯುವುದು 3 ಶೇಕಡಾದ ಲೆಕ್ಕ. ಅದನ್ನೇ ನಕಲು ಮಾಡಿದರೆ ಎರಡು ಪಟ್ಟಾಗುತ್ತದೆ. 10 ಲೀಟರ್ ಉಪ್ಪುನೀರಿಗೆ 6 ಶೇಕಡಾದ್ದು 12.5 ಮಿ.ಲೀ. ಮಾತ್ರ. ಸ್ನಾನ ಮುಗಿಸಿ ಹೊಸ, ಶುದ್ಧ ಟ್ಯಾಂಕಿಗೆ ಬಿಟ್ಟು ಅಲ್ಲಿ ತಾಮ್ರ ಶುರು ಮಾಡಿ. ಆರು ದಿನ ಬಿಟ್ಟು ಸ್ನಾನ ಇನ್ನೊಮ್ಮೆ. ತೆರೆದು ತಿಂಗಳಾದ ಬಾಟಲಿ ಬಳಸಬೇಡಿ, ಶಕ್ತಿ ಉಳಿದಿರುವುದಿಲ್ಲ.

ಮಲೇರಿಯಾ ಔಷಧಿ ಕ್ಲೋರೋಕ್ವಿನ್ ಫಾಸ್ಫೇಟ್ ಕೂಡ ವೆಲ್ವೆಟ್‌ಗೆ ಕೆಲಸ ಮಾಡುತ್ತದೆ, ಲೀಟರಿಗೆ 10 ಮಿ.ಗ್ರಾಂ. ಆದರೆ ಅದರ ಮಟ್ಟ ಅಳೆಯುವ ಕಿಟ್ ಮನೆಬಳಕೆಗೆ ಇಲ್ಲ, ಬೆಳಕಿಗೆ ಒಡೆಯುತ್ತದೆ, ಹಳೆಯ ಫಿಲ್ಟರಿನ ಬ್ಯಾಕ್ಟೀರಿಯಾ ಅದನ್ನು ತಿಂದುಹಾಕುತ್ತದೆ, ರ‍್ಯಾಸ್ ಮೀನುಗಳಿಗೆ ಒಗ್ಗದು. ಅಳೆಯಲಾಗದ್ದನ್ನು 30 ದಿನ ನಂಬಿ ಕೂರುವುದಕ್ಕಿಂತ ತಾಮ್ರವೇ ಮೇಲು ಎಂಬುದು ಈ ಬರಹದ ಪಕ್ಷಪಾತ.

ಮದ್ದಿಲ್ಲದೆ, ಬಿಳಿ ಚುಕ್ಕೆಗೆ ಮಾತ್ರ

ಜೀವಿಯ ಪಂಚಾಂಗವನ್ನೇ ಅದರ ಮೇಲೆ ತಿರುಗಿಸುವ ಉಪಾಯ ಒಂದಿದೆ: ಟ್ಯಾಂಕ್ ಬದಲಾವಣೆ. ಮೀನಿನಿಂದ ಉದುರಿದ ಜೀವಿ ಕವಚ ಕಟ್ಟಿ ಮರಿ ಬಿಡಲು ಕನಿಷ್ಠ ಮೂರು ದಿನ ಬೇಕಲ್ಲ, ಅಷ್ಟರೊಳಗೆ ಮೀನನ್ನು ಬೇರೆ ತೊಟ್ಟಿಗೆ ಸಾಗಿಸಿಬಿಡುವುದು. ಮೊದಲ ದಿನ ಒಂದು ತೊಟ್ಟಿ. 4, 7, 10, 13ನೇ ದಿನಗಳಲ್ಲಿ ಹೊಸ ತೊಟ್ಟಿ. ಎರಡು ಸೆಟ್ ಇದ್ದರೆ ಸಾಕು, ಒಂದರಲ್ಲಿ ಮೀನು ಇರುವಾಗ ಇನ್ನೊಂದು ಒಣಗುತ್ತಿರುತ್ತದೆ. ದೊಡ್ಡ ಪ್ಲಾಸ್ಟಿಕ್ ಟಬ್ಬೇ ಆದೀತು. 72 ಗಂಟೆ ಮೀರಕೂಡದು. ಮೊದಲ ದಿನ ಬೆಳಿಗ್ಗೆ ಬಿಟ್ಟಿದ್ದರೆ ನಾಲ್ಕನೇ ದಿನ ಬೆಳಿಗ್ಗೆಯೇ ಎತ್ತಿ, ಕಚೇರಿ ಮುಗಿಸಿ ಬಂದು ನೋಡೋಣ ಎಂದರೆ ಕೆಟ್ಟಿತು. ಹೊಸ ತೊಟ್ಟಿಯ ನೀರಿನ ಉಪ್ಪು ಮತ್ತು ಬಿಸಿ ಹಳೆಯದಕ್ಕೆ ಹೊಂದಿರಲಿ, ಮೀನಿನ ಜೊತೆ ಹಳೆಯ ನೀರು ಆದಷ್ಟು ಕಡಿಮೆ ಹೋಗಲಿ. ಹೀಟರು, ಪೈಪು, ಏರ್ ಸ್ಟೋನು ಯಾವುದೂ ಜೊತೆಗೆ ಹೋಗಬಾರದು. ಮುಗಿದ ತೊಟ್ಟಿಯನ್ನು ತೊಳೆದು ಪೂರ್ತಿ ಒಣಗಿಸಿ, ಬಿಸಿಲಿಗಿಟ್ಟರೆ ಇನ್ನೂ ಒಳ್ಳೆಯದು. ತೇವದ ಒಂದು ಮೂಲೆ ಉಳಿದರೂ ಕವಚ ಬದುಕೀತು. ಹದಿಮೂರು ದಿನದಲ್ಲಿ ಕೆಲಸ ಮುಗಿಯುತ್ತದೆ, ಮೀನು ಮದ್ದಿನ ರುಚಿ ನೋಡುವುದೇ ಇಲ್ಲ. ಆದರೆ ವೆಲ್ವೆಟ್‌ಗೆ ಈ ಲೆಕ್ಕ ಹೊಂದುವುದಿಲ್ಲ.

ಉಪ್ಪು ಇಳಿಸುವ ವಿಧಾನವೂ ಇದೆ. ಉಪ್ಪಿನ ಮಟ್ಟ ತೋರಿಸುವ ನೀರಿನ ಸಾಪೇಕ್ಷ ಸಾಂದ್ರತೆಯನ್ನು 1.009ಕ್ಕೆ ಎರಡು ದಿನದಲ್ಲಿ ಇಳಿಸಿ, ಕೊನೆಯ ಚುಕ್ಕೆ ಕಂಡ ಮೇಲೆ 30 ದಿನ ಅಲ್ಲೇ ಹಿಡಿದಿಡುವುದು. 1.011ಕ್ಕೆ ಏರಿದರೆ ಶ್ರಮವೆಲ್ಲ ನೀರುಪಾಲು. ಕಡಿಮೆ ಉಪ್ಪಿಗೂ ಜಗ್ಗದ ತಳಿಗಳು ಇರುವುದರಿಂದ, ವೆಲ್ವೆಟ್‌ಗೆ ನಾಟುವುದೇ ಇಲ್ಲವಾದ್ದರಿಂದ, ಇದು ಎರಡನೇ ಆಯ್ಕೆ.

ಕ್ಲೌನ್ ಮೀನಿನ ಲೋಳೆ

ಬ್ರೂಕ್ಲಿನೆಲ್ಲಾಗೆ ತಾಮ್ರ ನಾಟದು. ಇದಕ್ಕೆ ತಳಕ್ಕಿಳಿದು ಕವಚ ಕಟ್ಟುವ ಹಂತವೇ ಇಲ್ಲ. ಮೀನಿನ ಮೈಮೇಲೆಯೇ ಒಂದು ಎರಡಾಗುತ್ತ ಹೋಗುತ್ತದೆ, ಅದಕ್ಕೇ ಅಷ್ಟು ವೇಗ. ಬೇಕಾದದ್ದು ಫಾರ್ಮಲಿನ್ ಸ್ನಾನ. 37 ಶೇಕಡಾ ಫಾರ್ಮಲಿನ್ 10 ಲೀಟರ್ ಉಪ್ಪುನೀರಿಗೆ 1.5 ಮಿ.ಲೀ., 45 ನಿಮಿಷ. ಮೀನು ಗಟ್ಟಿಯಾಗಿದ್ದರೆ 2.5 ಮಿ.ಲೀ.ವರೆಗೆ ಹೋಗಬಹುದು, ನೀರು 27 ಡಿಗ್ರಿ ದಾಟಿದ್ದರೆ ಕೆಳಗಿನ ಪ್ರಮಾಣವೇ ಸರಿ, ಯಾಕೆಂದರೆ ಬಿಸಿನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಏರ್ ಸ್ಟೋನ್ ಜೋರಾಗಿ ಓಡಲಿ. ಮೀನು ಮಗುಚಿದರೆ ಸಮಯ ನೋಡದೆ ಎತ್ತಿ. ಸ್ನಾನವಾದ ಮೇಲೆ ಹಳೆಯ ಟ್ಯಾಂಕಿಗೆ ಮರಳಿ ಬಿಟ್ಟರೆ ರೋಗವೂ ಮರಳುತ್ತದೆ, ಹಾಗಾಗಿ ಬೇರೆ ತೊಟ್ಟಿ. ಎರಡು ಮೂರು ದಿನದ ಅಂತರದಲ್ಲಿ ಮೂರು ಸಲ ಮಾಡಿ.

ಬಾಟಲಿಯ ತಳದಲ್ಲಿ ಬಿಳಿ ಹಿಟ್ಟಿನಂಥದ್ದು ಕೂತಿದ್ದರೆ ಆ ಫಾರ್ಮಲಿನ್ ಬೇಡ. ಅದು ಪ್ಯಾರಾಫಾರ್ಮಾಲ್ಡಿಹೈಡ್, ಮೀನಿಗೆ ಕಡುವಿಷ. ನಿಮಗೂ ಒಳ್ಳೆಯದಲ್ಲ: ಕೈಗವಸು, ಕನ್ನಡಕ, ಬಾಲ್ಕನಿಯಂಥ ಗಾಳಿಯಾಡುವ ಜಾಗ. ಅಡುಗೆಮನೆಯ ಸಿಂಕಿನ ಹತ್ತಿರ ಸುಳಿಯಲೂ ಬೇಡ.

ಸಿಎಂಎಫ್‌ಆರ್‌ಐನಂಥ ಸಮುದ್ರಮೀನು ಸಂಶೋಧನಾ ಸಂಸ್ಥೆಗಳು ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನ ರೂಪಿಸಿದ ಮೇಲೆ ನಮ್ಮಲ್ಲೂ ತೊಟ್ಟಿಯಲ್ಲೇ ಹುಟ್ಟಿದ ಕ್ಲೌನ್ ಸಿಗುತ್ತದೆ. ಹಿಡಿದು ತಂದದ್ದಕ್ಕಿಂತ ಅದು ಎಷ್ಟೋ ಮೇಲು. ಆದರೂ ಅಂಗಡಿಯಲ್ಲಿ ಎಲ್ಲ ತೊಟ್ಟಿಗೂ ಒಂದೇ ನೀರು ಸುತ್ತುತ್ತಿದ್ದರೆ ಪಕ್ಕದ ಮೀನಿನ ರೋಗ ಅದಕ್ಕೂ ಬಂದಿರುತ್ತದೆ, ಕ್ವಾರಂಟೈನ್ ತಪ್ಪಿಸಲು ಹುಟ್ಟು ನೆಪವಾಗದು.

ಯುರೋನೀಮಾ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅದು ಮೀನಿಲ್ಲದೆಯೂ ಬ್ಯಾಕ್ಟೀರಿಯಾ ತಿಂದು ಬದುಕುತ್ತದೆ, ಮಾಂಸದೊಳಗೆ ಇಳಿದ ಮೇಲೆ ಸ್ನಾನದಿಂದ ಸಿಗುವುದಿಲ್ಲ. ಕೆಂಪು ಗಾಯ ಕಂಡ ಕ್ರೋಮಿಸ್ ಉಳಿಯುವುದು ಅಪರೂಪ. ಅಂಗಡಿಯ ತೊಟ್ಟಿಯಲ್ಲಿ ಒಂದಕ್ಕೆ ಗಾಯ ಇದ್ದರೂ ಆ ಗುಂಪಿನಿಂದ ಕೊಳ್ಳದಿರುವುದೇ ಚಿಕಿತ್ಸೆ.

ಕಪ್ಪು ಬಕೆಟ್ಟಿನ ಪರೀಕ್ಷೆ

ಚಪ್ಪಟೆಹುಳು ಮೀನಿನ ಮೈಬಣ್ಣಕ್ಕೆ ಹೊಂದಿ ಪಾರದರ್ಶಕವಾಗಿರುತ್ತದೆ, ಎದುರಿಗಿದ್ದರೂ ಕಾಣದು. ಕಾಣಿಸುವ ಉಪಾಯ ಸಿಹಿನೀರಿನ ಸ್ನಾನ. ಆರ್‌ಒ ನೀರನ್ನು ಕಪ್ಪು ಬಕೆಟ್ಟಿಗೆ ತುಂಬಿ, ಟ್ಯಾಂಕಿನಷ್ಟೇ ಬಿಸಿ ಮಾಡಿ, ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕಿ ಪಿಎಚ್ 8.2ಕ್ಕೆ ತನ್ನಿ. ಅರ್ಧ ಗಂಟೆ ಗಾಳಿ ಓಡಿಸಿ ಮತ್ತೊಮ್ಮೆ ಅಳೆಯಿರಿ. ನಲ್ಲಿಯ ಕಾವೇರಿ ನೀರಾದರೆ ಕ್ಲೋರಿನ್ ತೆಗೆಯದೆ ಬಳಸಬೇಡಿ. ಆಮೇಲೆ ಮೀನು ಬಿಟ್ಟು ಐದು ನಿಮಿಷ ಎದುರಿಗೇ ಕೂತಿರಿ. ಮೊದಲ ಅರ್ಧ ನಿಮಿಷ ಮೀನು ಒದ್ದಾಡುವುದು, ಒಂದು ಮಗ್ಗುಲಿಗೆ ಮಲಗುವುದು ಸಹಜ. ಉಸಿರು ನಿಲ್ಲಿಸಿದರೆ ಮಾತ್ರ ತಕ್ಷಣ ಎತ್ತಿ. ಹುಳುಗಳು ಸಿಹಿನೀರು ಕುಡಿದುಬ್ಬಿ, ಎರಡು ಮೂರನೇ ನಿಮಿಷಕ್ಕೆ ಹಾಲುಬಿಳಿಯಾಗಿ ಕಾಣತೊಡಗುತ್ತವೆ. ಎಳ್ಳುಕಾಳಿನ ಗಾತ್ರದ ಬಿಳಿ ಚಕ್ಕೆಗಳು ಒಂದೊಂದಾಗಿ ಕಳಚಿ ಕಪ್ಪು ತಳದ ಮೇಲೆ ಬೀಳುತ್ತವೆ. ಕೆಲವು ಕಣ್ಣಿನ ಮೇಲಿಂದಲೇ ಜಾರುತ್ತವೆ. ಮಂಜಾಗಿದ್ದ ಕಣ್ಣಿಗೆ ಕಾರಣ ಆಗ ತಿಳಿಯುತ್ತದೆ.

ಇದು ಪರೀಕ್ಷೆ ಮತ್ತು ಅರ್ಧ ಉಪಶಮನ. ಪೂರ್ತಿ ಮದ್ದು ಪ್ರಾಜಿಕ್ವಾಂಟೆಲ್. ಲೀಟರಿಗೆ 2.5 ಮಿ.ಗ್ರಾಂ, ಅಂದರೆ 60 ಲೀಟರಿಗೆ 150 ಮಿ.ಗ್ರಾಂ. ಪುಡಿ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಮೇಲೆ ತೇಲುತ್ತದೆ. ಮುಚ್ಚಳವಿರುವ ಬಾಟಲಿಯಲ್ಲಿ ಟ್ಯಾಂಕಿನ ನೀರು ಹಾಕಿ ಚೆನ್ನಾಗಿ ಕುಲುಕಿ ಸುರಿಯಿರಿ. ಮೊಟ್ಟೆಗಳಿಗೆ ಈ ಮದ್ದು ತಾಗದು. ಮೊಟ್ಟೆ ಒಡೆದು ಹೊಸ ಹುಳು ಮೀನು ಹಿಡಿದಿರಬೇಕು, ಅದು ಮತ್ತೆ ಮೊಟ್ಟೆ ಇಡಲು ಶುರು ಮಾಡಿರಬಾರದು. ಆ ನಡುವಿನ ಹೊತ್ತಿಗೆ ಎರಡನೇ ಸಲ. 25–26 ಡಿಗ್ರಿಯಲ್ಲಿ ಅದು ಏಳನೇ ದಿನದ ಸುಮಾರಿಗೆ ಬರುತ್ತದೆ. ಹಿಂದಿನ ದಿನ ಅರ್ಧ ನೀರು ಬದಲಿಸಿ. ಒಮ್ಮೆ ಈ ಮದ್ದು ಕಂಡ ಟ್ಯಾಂಕಿನ ಬ್ಯಾಕ್ಟೀರಿಯಾ ಮುಂದಿನ ಸಲ ಅದನ್ನು ಬೇಗ ತಿಂದು ಮುಗಿಸುತ್ತವೆ. ಎರಡು ಸಲದಲ್ಲಿ ಹೋಗದ ಹುಳುವಿಗೆ ಹೊಸ ತೊಟ್ಟಿಯಲ್ಲಿ ಮೂರನೇ ಸಲ ಹಾಕಿ. ನಾಯಿಯ ಜಂತುಹುಳು ಮಾತ್ರೆಯಲ್ಲೂ ಪ್ರಾಜಿಕ್ವಾಂಟೆಲ್ ಇದೆ ಎಂದು ಅದನ್ನೇ ಪುಡಿ ಮಾಡುವವರಿದ್ದಾರೆ. ಲೇಬಲ್ ಓದಿ: ಹೆಚ್ಚಿನವುಗಳಲ್ಲಿ ಪೈರಾಂಟೆಲ್, ಫೆಬಾಂಟೆಲ್ ಕೂಡ ಸೇರಿರುತ್ತವೆ. ನೀರಿಗೆ ಹಾಕುವಂಥದ್ದಲ್ಲ ಅದು.

ತಾಮ್ರದ 30 ದಿನ ಮುಗಿದು, ಕಾರ್ಬನ್ ಹಾಕಿ ಸೋಸಿದ ಮೇಲೆ ಪ್ರಾಜಿಕ್ವಾಂಟೆಲ್ ಹಾಕುವುದು ಅನುಕೂಲದ ಕ್ರಮ. ಎರಡನ್ನೂ ಒಟ್ಟಿಗೆ ಸುರಿದಾಗ ಮೀನು ಮೇವು ಬಿಟ್ಟರೆ ಯಾವುದರಿಂದ ಎಂದು ತಿಳಿಯದು.

ಚೆನ್ನಾಗಿ ತಿಂದರೂ ಬೆನ್ನು ಸವೆಯುತ್ತಿದ್ದರೆ, ಬಿಳಿ ದಾರದಂಥ ಮಲ ಎಳೆದುಕೊಂಡು ಓಡಾಡುತ್ತಿದ್ದರೆ, ತೊಂದರೆ ಕರುಳಿನಲ್ಲಿದೆ. ಮೆಟ್ರೊನಿಡಜೋಲ್ 400 ಮಿ.ಗ್ರಾಂನ ಒಂದು ಮಾತ್ರೆ 60 ಲೀಟರಿಗೆ ದಿನಕ್ಕೊಂದರಂತೆ ಐದು ದಿನ. ಮೇವಿನಲ್ಲಿ ಬೆರೆಸಿ ತಿನ್ನಿಸಲು ಬಂದರೆ ಇನ್ನೂ ಚೆನ್ನ. ಇವೆಲ್ಲ ವೈದ್ಯರ ಚೀಟಿಯ ಔಷಧಿಗಳು, ಮೀನಿನ ಬಗ್ಗೆ ತಿಳಿದ ಪಶುವೈದ್ಯರು ಸಿಕ್ಕರೆ ಕೇಳಿ ಪಡೆಯಿರಿ.

ದೊಡ್ಡ ಟ್ಯಾಂಕಿಗೆ ರೋಗ ಹೊಕ್ಕಿದ್ದರೆ

ಮೀನಿಗೆ ಇಷ್ಟೆಲ್ಲ ಮಾಡಿ, ರೋಗ ಇರುವ ಟ್ಯಾಂಕಿಗೇ ಮರಳಿ ಬಿಟ್ಟರೆ ಏನು ಬಂತು? ಅಲ್ಲಿಂದ ಪ್ರತಿ ಮೀನನ್ನೂ ಹಿಡಿದು ಹೊರತೆಗೆಯಬೇಕು; ಕಲ್ಲಿನ ಸಂದಿಯಲ್ಲಿ ಅಡಗಿದ ಒಂದು ಗೋಬಿ ಉಳಿದರೂ ರೋಗಾಣುವಿಗೆ ಊಟ ಉಳಿದಂತೆ. 72 ದಿನದ ದಾಖಲೆಗೆ ಸ್ವಲ್ಪ ಸೇರಿಸಿ 76 ದಿನ ಎಂದು ಹವ್ಯಾಸಿಗಳು ಲೆಕ್ಕ ಇಟ್ಟುಕೊಂಡಿದ್ದಾರೆ, ಅದನ್ನೇ ಹಿಡಿಯಿರಿ. ಹವಳ, ಸಿಗಡಿ, ಬಸವನಹುಳು ಅಲ್ಲೇ ಇರಬಹುದು, ರೋಗಾಣು ಅವನ್ನು ತಿನ್ನುವುದಿಲ್ಲ. ಆದರೆ ಈ 76 ದಿನದಲ್ಲಿ ಬೇರೆಯವರ ಮೀನು ಟ್ಯಾಂಕಿನಿಂದ ಒಂದು ತುಂಡು ಹವಳ ತಂದು ಇಟ್ಟರೆ, ಅದರ ಬುಡದ ಕಲ್ಲಿಗೆ ಕವಚ ಅಂಟಿರಬಹುದು. ಆ ದಿನದಿಂದ ಎಣಿಕೆ ಮತ್ತೆ ಒಂದು. ಮೀನಿಲ್ಲ ಎಂದು ಮೇವು ಪೂರ್ತಿ ನಿಲ್ಲಿಸಬೇಡಿ, ವಾರಕ್ಕೆರಡು ಸಲ ಒಂದು ಚಿಟಿಕೆ ಹಾಕಿದರೆ ಸಿಗಡಿಗಳೂ ಉಳಿಯುತ್ತವೆ, 77ನೇ ದಿನ ಮೀನು ಬಂದಾಗ ಅವುಗಳ ಅಮೋನಿಯಾ ತಿನ್ನಲು ಬ್ಯಾಕ್ಟೀರಿಯಾಗಳೂ ಉಳಿದಿರುತ್ತವೆ.